ಸ್ಪ್ಲಿಂಟ್ ಹಾಕಿದ ಕೈಗೆ ಕೆಲಸ ಕೊಡಿ

ಕೇಳುಗರಿಗೆ ನಮಸ್ಕಾರ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲು ತರಬೇತಿ ಕೊಡುವವಳು. ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮೆದುಳಿಗೆ ತೊಂದರೆಯಾಗಿ ಕೈಕಾಲು ಹತೋಟಿಗೆ ಬಾರದ ಸ್ಥಿತಿ ಇರುವ ಮಕ್ಕಳ ಕೈಗೆ ಸ್ಪ್ಲಿಂಟ್, ಅಂದರೆ ಕೈಯನ್ನು ಸರಿಯಾಗಿ ಹಿಡಿದಿಡುವ ಆಸರೆಪಟ್ಟಿ ಮಾಡಿಕೊಡುತ್ತೇನೆ. ಆ ಮಕ್ಕಳ ಅಪ್ಪ ಅಮ್ಮ, ಅಜ್ಜಿ ತಾತ ಯಾರಾದರೂ ಕೇಳುತ್ತಿದ್ದರೆ ರೇಡಿಯೋ ಸ್ವಲ್ಪ ಜೋರು ಮಾಡಿಕೊಳ್ಳಿ. ನಾನು ಹೇಳುವುದು ಒಂದೇ ಮಾತು: ಸ್ಪ್ಲಿಂಟ್ ಹಾಕಿದ ಕೈಗೆ ಕೆಲಸ ಕೊಡಿ.

ಈ ಮಕ್ಕಳಲ್ಲಿ ಹೆಚ್ಚಿನವರಿಗೆ ಮೆದುಳಿನ ಹತೋಟಿ ತಪ್ಪಿ ಸ್ನಾಯುಗಳು ಬಿಗಿಯುತ್ತವೆ. ಮಣಿಕಟ್ಟು ಒಳಕ್ಕೆ ಬಾಗುತ್ತದೆ, ಹೆಬ್ಬೆರಳು ಅಂಗೈಯೊಳಗೆ ಸೇರಿಕೊಳ್ಳುತ್ತದೆ. ಆಮೇಲೆ ಲೋಟ ಹಿಡಿಯುವುದು ಹೇಗೆ? ಸ್ಪ್ಲಿಂಟ್ ಹೆಬ್ಬೆರಳನ್ನು ಹೊರಗೆ ಹಿಡಿದಿಡುತ್ತದೆ, ಮಣಿಕಟ್ಟನ್ನು ನೆಟ್ಟಗಿಡುತ್ತದೆ. ಅಷ್ಟೇ. ಮಿಕ್ಕಿದ್ದೆಲ್ಲ ಮಗುವೇ ಮಾಡಬೇಕು.

ಒಬ್ಬ ಪುಟ್ಟ ಹುಡುಗಿಗೆ ಎಡಗೈ ಬಿಗಿ. ಹೆಬ್ಬೆರಳಿಗೆ ನಿಯೋಪ್ರೀನ್ ಅನ್ನುವ ಮೆತ್ತನೆಯ ರಬ್ಬರ್ ಬಟ್ಟೆಯ ಸ್ಪ್ಲಿಂಟ್ ಹೊಲಿದುಕೊಟ್ಟೆ. ಮುಂದಿನ ಸಲ ಬಂದಾಗ ಅದು ಪ್ಲಾಸ್ಟಿಕ್ ಕವರಿನಲ್ಲಿ, ಎಂಆರ್‌ಐ ರಿಪೋರ್ಟಿನ ಜೊತೆ ಭದ್ರವಾಗಿತ್ತು! "ಗಲೀಜಾಗುತ್ತೆ ಅಂತ ಎತ್ತಿಟ್ಟಿದ್ದೆ ಮೇಡಂ," ಅಂದರು ಅಮ್ಮ. ನಾನು ಅಜ್ಜಿಯ ಕಡೆ ತಿರುಗಿದೆ. "ಮನೇಲಿ ಈಗ ಏನಜ್ಜಿ ಕೆಲಸ?" "ಇನ್ನೇನವ್ವ, ಅವರೆಕಾಯಿ ಸುಲಿಯೋದೇ." ಸರಿ, ಇವಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಸ್ಪ್ಲಿಂಟ್ ಹಾಕಿದ ಎಡಗೈಲಿ ಕಾಯಿ ಹಿಡಿಯಲಿ, ಬಲಗೈಲಿ ಬಿಡಿಸಲಿ ಅಂದೆ. ಮೊದಮೊದಲು ಕಾಯಿ ಜಾರುತ್ತಿತ್ತಂತೆ. ಅಜ್ಜಿ ಮೊರವನ್ನು ಅವಳ ಮಡಿಲಿಗೆ ಎಳೆದು, ದಪ್ಪ ಕಾಯಿಗಳನ್ನೇ ಆರಿಸಿ ಕೊಟ್ಟರಂತೆ. ಯಾರೂ ಹೇಳಿಕೊಟ್ಟಿರಲಿಲ್ಲ ನೋಡಿ! ಅವರೆ ಕಾಲ ಮುಗಿದ ಮೇಲೆ ಬಂದರು. ಸ್ಪ್ಲಿಂಟಿನ ಅಂಚು ಕಪ್ಪಾಗಿತ್ತು, ಮೂಗಿನ ಹತ್ತಿರ ತಂದರೆ ಸೊಗಡಿನ ವಾಸನೆ. ನನಗಂತೂ ಖುಷಿಯೋ ಖುಷಿ. ಸ್ಪ್ಲಿಂಟ್ ತೆಗೆದರೆ ಹೆಬ್ಬೆರಳು ಈಗಲೂ ಒಳಕ್ಕೆ ಹೋಗುತ್ತದೆ, ನಿಜ. ಆದರೆ ಬಿಸ್ಕತ್ತಿನ ಪೊಟ್ಟಣ ಕೊಟ್ಟರೆ ಎಡಗೈಯೂ ತಾನಾಗಿ ಮುಂದೆ ಬಂತು.

ಅಯ್ಯೋ, ಸಮಯ ಮುಗಿಯುತ್ತಾ ಬಂತು. ಬೇಗ ಹೇಳಿಬಿಡುತ್ತೇನೆ. ರಾತ್ರಿ ಹಾಕುವ ಗಟ್ಟಿ ಸ್ಪ್ಲಿಂಟೇ ಬೇರೆ. ಅದು ಕೈ ಸೆಟೆದುಕೊಳ್ಳದಿರಲಿ ಅಂತ. ಅದರ ಪ್ಲಾಸ್ಟಿಕ್ಕನ್ನು ಬಿಸಿನೀರಿನಲ್ಲಿ ಮೆತ್ತಗೆ ಮಾಡಿ ಮಗುವಿನ ಕೈಗೇ ಅಚ್ಚು ಹಾಕಿರುತ್ತೇವೆ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ತೊಳೆಯುವುದಕ್ಕೆ ಕುದಿನೀರು ಬೇಡ. ತೆಗೆದು ಅರ್ಧ ಗಂಟೆಯಾದರೂ ಚರ್ಮದ ಕೆಂಪು ಹೋಗದಿದ್ದರೆ ಮತ್ತೆ ಹಾಕಬೇಡಿ, ಸರಿಮಾಡಿಸಿ. ಮಗು ಬೆಳೆದ ಹಾಗೆ ಹೊಸದು ಬೇಕು. ಒಬ್ಬರದ್ದನ್ನು ಇನ್ನೊಬ್ಬರಿಗೆ ಹಾಕಬೇಡಿ, ದಯವಿಟ್ಟು. ಹಗಲಿನದ್ದನ್ನು ಹಾಕಿದಾಗ ಚಪಾತಿ ಹಿಟ್ಟೋ, ಚೆಂಡೋ, ಬಟ್ಟೆ ಮಡಿಸುವುದೋ, ಏನಾದರೊಂದು ಕೈಗಿರಲಿ. ಸುಮ್ನೆ ಟಿವಿ ಮುಂದೆ ಕೂರಿಸಬೇಡಿ.

ಎಲ್ಲಿ ಹೋಗುವುದು ಅಂತ ಗೊತ್ತಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ, ಅಂದರೆ ಮಕ್ಕಳ ಬೆಳವಣಿಗೆಯ ತೊಂದರೆಗಳನ್ನು ಬೇಗ ಗುರುತಿಸಿ ಚಿಕಿತ್ಸೆ ಕೊಡುವ ಕೇಂದ್ರ ಎಲ್ಲಿ ಅಂತ ಕೇಳಿ. ಮಗು ಮನೆಯಲ್ಲಿ ಯಾವ ಕೆಲಸಕ್ಕೆ ಒದ್ದಾಡುತ್ತದೆ ಅಂತ ಫೋನಿನಲ್ಲಿ ವಿಡಿಯೋ ಮಾಡಿಕೊಂಡು ಹೋಗಿ. ಯಾವ ಸ್ಪ್ಲಿಂಟ್ ಬೇಕು ಅಂತ ಥೆರಪಿಸ್ಟಿಗೆ ಅದರಿಂದ ಅರ್ಧ ಗೊತ್ತಾಗುತ್ತದೆ. ನಮಸ್ಕಾರ.