ಸೊಳ್ಳೆ ಸಿಂಹವನ್ನು ಸೋಲಿಸಿದ ಕಥೆ

ಕೇಳುಗರಿಗೆ ನಮಸ್ಕಾರ.

‘ಆನೆ ಕುದುರೆಗಿಂತ ದೊಡ್ಡದು.’ ಇದನ್ನು ಇಂಗ್ಲಿಷ್‌ನಲ್ಲಿ ಹೇಳಿ ಅಂದರೆ ನನ್ನ ತರಗತಿಯ ಮಕ್ಕಳು ಎರಡು ಪಂಗಡ ಆಗುತ್ತಾರೆ. ಒಂದು ಪಂಗಡ ‘ಬಿಗ್ ದ್ಯಾನ್’ ಅನ್ನುತ್ತದೆ. ಇನ್ನೊಂದು ‘ಮೋರ್ ಬಿಗ್ಗರ್’ ಅನ್ನುತ್ತದೆ. ಪಾಪ, ಅವರ ತಪ್ಪೇನಿಲ್ಲ. ಕನ್ನಡದಲ್ಲಿ ಹೋಲಿಕೆಯ ಕೆಲಸವನ್ನೆಲ್ಲ ಆ ಒಂದು ‘ಗಿಂತ’ ಮಾಡಿ ಮುಗಿಸುತ್ತದೆ. ಅದು ಹೋಗಿ ಕುದುರೆಗೆ ಅಂಟಿಕೊಳ್ಳುತ್ತದೆ, ‘ದೊಡ್ಡದು’ ತನ್ನ ಪಾಡಿಗೆ ತಾನಿರುತ್ತದೆ. ಇಂಗ್ಲಿಷ್‌ನಲ್ಲಿ ದ್ಯಾನ್ ಬಂದರಷ್ಟೇ ಸಾಲದು, ಬಿಗ್ ಕೂಡ ಬಿಗ್ಗರ್ ಆಗಬೇಕು. ಇನ್ನು ‘ಮೋರ್ ಬಿಗ್ಗರ್’ ಇದೆಯಲ್ಲ, 400 ವರ್ಷಗಳ ಹಿಂದೆ ಇಂಗ್ಲಿಷರೇ ಈ ಥರ ಡಬಲ್ ಹಾಕಿ ಬರೆಯುತ್ತಿದ್ದರು. ನಮ್ಮ ಮಕ್ಕಳು ಹುಟ್ಟಿದ್ದು ಸ್ವಲ್ಪ ತಡವಾಯಿತು.

ನಿಯಮ ಹೇಳಿಕೊಡಲು ಹತ್ತು ನಿಮಿಷ ಸಾಕು. ಚಿಕ್ಕ ಪದಕ್ಕೆ ಕೊನೆಯಲ್ಲಿ ‘ಅರ್’, ಉದ್ದ ಪದಕ್ಕೆ ಮುಂದೆ ‘ಮೋರ್’, ಗುಡ್ ಹೋಗಿ ಬೆಟರ್, ಬ್ಯಾಡ್ ಹೋಗಿ ವರ್ಸ್. ಮಕ್ಕಳು ಚೆನ್ನಾಗಿ ಬರೆದುಕೊಳ್ಳುತ್ತಾರೆ. ಆದರೆ ನೋಟ್‌ಬುಕ್‌ನಲ್ಲಿ ಸರಿ ಬರೆದ ಹುಡುಗನೇ ಬಾಯಿ ಬಿಟ್ಟರೆ ಮತ್ತೆ ‘ಬಿಗ್ ದ್ಯಾನ್’. ನಾಲಿಗೆಗೆ ರೂಢಿ ಆಗಬೇಕಾದರೆ ಅದೇ ಥರದ ವಾಕ್ಯವನ್ನು ಐವತ್ತು ಸಲವಾದರೂ ಹೇಳಬೇಕು. ಸುಮ್ನೆ ಹೇಳಿ ಅಂದರೆ ಯಾರು ಹೇಳುತ್ತಾರೆ? ಅದಕ್ಕೇ ನಾನು ಕಾರ್ಡ್ ಆಟಕ್ಕೆ ಕೈ ಹಾಕಿದ್ದು.

ನಾವೆಲ್ಲ ಚಿಕ್ಕವರಿದ್ದಾಗ ಆಡಿದ ಟ್ರಂಪ್ ಕಾರ್ಡ್ ಆಟವೇ ಇದು. 24 ಕಾರ್ಡ್, ಒಂದೊಂದರ ಮೇಲೆ ಒಂದು ಪ್ರಾಣಿ, ಕೆಳಗೆ ತೂಕ, ಎತ್ತರ, ವೇಗ. ಆಫ್ರಿಕಾದ ದೊಡ್ಡ ಗಂಡಾನೆ ಸುಮಾರು 6,000 ಕಿಲೋ. ಜಿರಾಫೆ ಐದು ಮೀಟರಿಗಿಂತ ಜಾಸ್ತಿ ಎತ್ತರ. ಚೀತಾ ಗಂಟೆಗೆ ನೂರು ಕಿಲೋಮೀಟರ್ ಹತ್ತಿರ ಓಡುತ್ತದೆ. ಹಳೇ ರಟ್ಟು ಕತ್ತರಿಸಿ ಮಕ್ಕಳ ಕೈಯಲ್ಲೇ ಬರೆಸಿದೆ. ನಾಲ್ಕು ನಾಲ್ಕು ಜನರ ಗುಂಪು, ತಲೆಗೆ ಆರು ಕಾರ್ಡ್. ಯಾರ ಅಂಕಿ ದೊಡ್ಡದೋ ಅವರಿಗೆ ಎದುರಿನವರ ಕಾರ್ಡ್.

ಮೊದಲ ದಿನ ತರಗತಿ ಸಂತೆಯಾಯಿತು. ಎಲ್ಲರ ಮುಖದಲ್ಲೂ ಖುಷಿ. ನಾನೂ ಬೀಗಿದೆ. ಆಮೇಲೆ ಒಂದು ಗುಂಪಿನ ಹಿಂದೆ ನಿಂತು ಕಿವಿಗೊಟ್ಟೆ. ‘ತೂಕ! ನಂದು ಆರು ಸಾವಿರ, ನಿಂದೆಷ್ಟು? ಐನೂರಾ? ಕೊಡು ಇಲ್ಲಿ.’ ಅರ್ಧ ಗಂಟೆ ಆಟ ನಡೆದಿತ್ತು, ಇಂಗ್ಲಿಷಿನ ಒಂದು ವಾಕ್ಯ ಬಿದ್ದಿರಲಿಲ್ಲ. ಬೀಳುವುದಾದರೂ ಯಾಕೆ? ಅಂಕಿ ಹೇಳಿದರೆ ಕಾರ್ಡ್ ಸಿಗುತ್ತಿತ್ತಲ್ಲ!

ಮರುದಿನ ಎರಡೇ ನಿಯಮ ಸೇರಿಸಿದೆ. ಅಂಕಿ ದೊಡ್ಡದಿದ್ದರೆ ಸಾಲದು, ಪೂರ್ತಿ ವಾಕ್ಯ ಹೇಳಿದರೇನೇ ಕಾರ್ಡ್ ಕೈ ಬದಲಾಯಿಸುತ್ತದೆ. ‘ಮೈ ಎಲಿಫೆಂಟ್ ಈಸ್ ಹೆವಿಯರ್ ದ್ಯಾನ್ ಯುವರ್ ಹಾರ್ಸ್.’ ವಾಕ್ಯ ತಪ್ಪಿದರೆ, ಅದನ್ನು ಮೊದಲು ಹಿಡಿದು ಸರಿಪಡಿಸಿದವರಿಗೆ ಆ ಕಾರ್ಡ್. ಈ ಎರಡನೇ ನಿಯಮ ಮಾಡಿದ ಮೋಡಿ ಏನು ಹೇಳಲಿ! ಅಲ್ಲಿಯವರೆಗೆ ಪಕ್ಕದವನ ಮಾತನ್ನು ಕಿವಿಗೇ ಹಾಕಿಕೊಳ್ಳದವರು ಈಗ ಬೆಕ್ಕು ಇಲಿಗೆ ಹೊಂಚು ಹಾಕಿದ ಹಾಗೆ ಕೂತರು. ‘ಮೋರ್ ಹೆವಿ...’ ಅನ್ನುವಷ್ಟರಲ್ಲಿ ಮೂರು ಕೈ ಮೇಲೆ. ನಾನು ತಿದ್ದಿದರೆ ಮುಖ ಸಣ್ಣದಾಗುತ್ತದೆ, ಗೆಳೆಯ ತಿದ್ದಿ ಕಾರ್ಡ್ ಕಿತ್ತುಕೊಂಡರೆ ಹಠ ಬರುತ್ತದೆ. ಮುಂದಿನ ಸುತ್ತಿನಲ್ಲಿ ಅದೇ ಹುಡುಗ ‘ಹೆವಿಯರ್’ ಅನ್ನು ಹಲ್ಲು ಕಚ್ಚಿ ಹೇಳಿದ್ದನ್ನು ನೋಡಿದ್ದೇನೆ.

ಇಷ್ಟಾದರೂ ಒಂದು ಕೊರತೆ ಉಳಿಯಿತು. ಹೆವಿ, ಟಾಲ್, ಫಾಸ್ಟ್ ಎಲ್ಲ ‘ಅರ್’ ಹಚ್ಚುವ ಪದಗಳೇ. ‘ಮೋರ್’ ಬರುವ ಅವಕಾಶವೇ ಇರಲಿಲ್ಲ. ಅದಕ್ಕೆ ಪ್ರತಿ ಕಾರ್ಡಿಗೂ ‘ಡೇಂಜರಸ್’ ಎಂದು ಒಂದು ಸಾಲು ಹೆಚ್ಚಿಸಿದೆ. ಅದರ ಮುಂದೆ ಏನು ಅಂಕಿ ಹಾಕುವುದು? ಖಾಲಿ ಬಿಟ್ಟೆ. ವಾದ ಮಾಡಿ ಗುಂಪನ್ನು ಒಪ್ಪಿಸಿದವರಿಗೆ ಕಾರ್ಡ್ ಅಂದೆ.

ಒಂದು ಗುಂಪಿನಲ್ಲಿ ಸಿಂಹದ ಎದುರಿಗೆ ಸೊಳ್ಳೆ ಬಂತು. ಸಿಂಹದವನು ವಾಕ್ಯ ಕೂಡ ಹೇಳದೆ ಕೈ ಚಾಚಿದ. ಸೊಳ್ಳೆ ಹಿಡಿದಿದ್ದವಳು ಯಾವತ್ತೂ ಜಾಸ್ತಿ ಮಾತಾಡದ ಹುಡುಗಿ. ಕಾರ್ಡನ್ನು ಎದೆಗೆ ಒತ್ತಿಕೊಂಡು, ‘ನೋ. ಮಸ್ಕೀಟೋ ಈಸ್ ಮೋರ್ ಡೇಂಜರಸ್ ದ್ಯಾನ್ ಲಯನ್’ ಅಂದಳು. ಎಲ್ಲರೂ ನಕ್ಕರು. ಅವಳು ಒಂದೇ ಒಂದು ಪದ ಸೇರಿಸಿದಳು: ‘ಮಲೇರಿಯಾ.’ ನಗು ನಿಂತಿತು. ಮಲೇರಿಯಾದಿಂದ ಪ್ರಪಂಚದಲ್ಲಿ ವರ್ಷಕ್ಕೆ ಲಕ್ಷಗಟ್ಟಲೆ ಜನ ಸಾಯುತ್ತಾರೆ, ಸಿಂಹ ಅದರ ಹತ್ತಿರಕ್ಕೂ ಬರುವುದಿಲ್ಲ. ಸಿಂಹದವನು ಮುಖ ಊದಿಸಿಕೊಂಡು ಕಾರ್ಡ್ ಕೊಟ್ಟ. ಮಸ್ಕೀಟೋ ಮುಂದೆ, ಲಯನ್ ಮುಂದೆ ಒಂದೊಂದು ‘ಎ’ ಬೇಕಿತ್ತು, ನಿಜ. ಆ ಹೊತ್ತಿನಲ್ಲಿ ಅದನ್ನು ಎತ್ತಿ ಹೇಳಲು ನನಗೆ ಮನಸ್ಸು ಬರಲಿಲ್ಲ. ಗುಂಪಿನವರೂ ಹಿಡಿಯಲಿಲ್ಲ ಬಿಡಿ.

ಈ ಆಟ ವಾರಕ್ಕೊಮ್ಮೆ, ಹದಿನೈದು ನಿಮಿಷ ಸಾಕು. ಜಾಸ್ತಿ ಆದರೆ ಅದೂ ಪಾಠದಷ್ಟೇ ಬೇಜಾರು. ಗಲಾಟೆಯಂತೂ ಆಗುತ್ತದೆ, ಪಕ್ಕದ ಕೋಣೆಯವರಿಗೆ ಮೊದಲೇ ಹೇಳಿಟ್ಟಿರಿ.

ಪ್ರಾಣಿಗಳು ಹಳತಾದ ಮೇಲೆ ಗ್ರಹಗಳ ಕಾರ್ಡ್ ಮಾಡಿದೆವು. ಬರೀ ಎಂಟು, ಇಬ್ಬರ ಆಟಕ್ಕೆ ಸರಿ. ಬುಧ ಸೂರ್ಯನಿಗೆ ಹತ್ತಿರ, ಆದರೂ ಶುಕ್ರ ಬುಧನಿಗಿಂತ ಬಿಸಿ. ‘ಕ್ಲೋಸರ್’ ಮತ್ತು ‘ಹಾಟರ್’ ಎರಡೂ ಒಟ್ಟಿಗೆ ಬಾಯಿಗೆ ಬರುತ್ತವೆ. ಒಬ್ಬ ಶುಕ್ರನ ಕಾರ್ಡ್ ಹಿಡಿದು ಓಡಿ ಬಂದ. ‘ಟೀಚರ್, ಇದರಲ್ಲಿ ತಪ್ಪು ಬರೆದಿದ್ದಾರೆ!’ ತನ್ನ ಸುತ್ತ ಒಂದು ಸುತ್ತು ತಿರುಗಲು 243 ದಿನ, ಸೂರ್ಯನ ಸುತ್ತ ಬರಲು 225 ದಿನ ಅಂತಿತ್ತು. ತಪ್ಪೇನಿಲ್ಲ ಕಣೋ, ಶುಕ್ರ ಅಷ್ಟು ನಿಧಾನ ತಿರುಗುತ್ತಾನೆ ಅಂದೆ. ಅವನು ಕಾರ್ಡನ್ನೇ ನೋಡುತ್ತಾ ವಾಪಸ್ ಹೊರಟ. ಅರ್ಧ ದಾರಿಯಲ್ಲಿ ನಿಂತ. ಆಮೇಲೆ ಇಡೀ ತರಗತಿಗೆ ಕೇಳುವ ಹಾಗೆ ಕೂಗಿದ: ‘ಲೋ, ಡೇ ಈಸ್ ಲಾಂಗರ್ ದ್ಯಾನ್ ಇಯರ್ ಕಣ್ರೋ!’

ನಮಸ್ಕಾರ.