ಮೊದಲು ಅಳತೆ, ಆಮೇಲೆ ಬೋಲ್ಟ್

ಕೇಳುಗರಿಗೆ ನಮಸ್ಕಾರ. ಅದರಲ್ಲೂ ದೈಹಿಕ ಶಿಕ್ಷಣ, ಕ್ರೀಡಾ ವಿಜ್ಞಾನ ಓದುತ್ತಾ, ಕೊನೆ ವರ್ಷದ ಪ್ರಾಜೆಕ್ಟ್‌ಗೆ ಇನ್ನೂ ವಿಷಯ ಸಿಕ್ಕಿಲ್ಲ ಅಂತ ಹಾಸ್ಟೆಲ್‌ನಲ್ಲಿ ತಲೆ ಕೆರೆದುಕೊಳ್ಳುತ್ತಿರುವವರಿಗೆ. ನಿಮಗೆ ನಾನು ಹೇಳುವುದು ಒಂದೇ ಮಾತು. ಮೊದಲು ಅಳತೆ ಸರಿಯಿದೆಯಾ ನೋಡಿಕೊಳ್ಳಿ.

ಪ್ರತಿ ವರ್ಷ ನನ್ನ ಮೇಜಿಗೆ ಬರುವ ವಿಷಯಗಳು ಹೆಚ್ಚುಕಡಿಮೆ ಒಂದೇ. ‘ಕಬಡ್ಡಿ ಆಟಗಾರರ ದೈಹಿಕ ಸಾಮರ್ಥ್ಯದ ಮೇಲೆ ಯೋಗದ ಪರಿಣಾಮ’. ಕಬಡ್ಡಿ ಹೋಗಿ ಖೋಖೋ ಬರುತ್ತದೆ, ಖೋಖೋ ಹೋಗಿ ವಾಲಿಬಾಲ್ ಬರುತ್ತದೆ, ಯೋಗ ಮಾತ್ರ ಅಲ್ಲೇ ಕೂತಿರುತ್ತದೆ. ಸೀನಿಯರ್ ಮಾಡಿದ್ದಕ್ಕೆ ಹೊಸ ರಟ್ಟು ಹಾಕಿ ಕೊಟ್ಟರೆ ಅದು ಸ್ವತಂತ್ರ ಸಂಶೋಧನೆ ಹೇಗಾಗುತ್ತದೆ? ಸ್ವಲ್ಪ ಬೇಜಾರಿನಲ್ಲೇ ಹೇಳುತ್ತಿದ್ದೇನೆ, ಕ್ಷಮಿಸಿ.

ಒಬ್ಬ ಹುಡುಗನ ಕಥೆ ಕೇಳಿ. 2020ರ ಫೆಬ್ರವರಿ. ಐಕಳ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಯಾರೋ ಭಾಗಾಕಾರ ಮಾಡಿ, 100 ಮೀಟರಿಗೆ 9.55 ಸೆಕೆಂಡು ಅಂದರು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಸರಿ, ದೇಶದ ತುಂಬ ಗದ್ದಲ. ನಮ್ಮ ಹುಡುಗ ಕರಾವಳಿಯವನು ಬೇರೆ, ಪೇಪರ್ ಹಿಡಿದುಕೊಂಡೇ ಬಂದ. ‘ಸಾರ್, ಇದೇ ನನ್ನ ಪ್ರಾಜೆಕ್ಟ್!’

ನಾನು ಕೇಳಿದೆ, ಮುಂದೆ ಎರಡು ಕೋಣ ಎಳೆಯುತ್ತಿವೆ, ಕಾಲ ಕೆಳಗೆ ಕೆಸರು, ಇದನ್ನು ಟ್ರ್ಯಾಕ್ ಓಟದ ಪಕ್ಕ ಇಡುವುದು ಹೇಗಪ್ಪಾ? ಅದೂ ಹೋಗಲಿ, ನೀನು ಹೇಳುತ್ತಿರುವ ವ್ಯತ್ಯಾಸ 0.03 ಸೆಕೆಂಡು. ನಿನ್ನ ಕೈಯಲ್ಲಿರುವ ಸ್ಟಾಪ್‌ವಾಚ್ ಅಷ್ಟು ಸಣ್ಣದನ್ನು ಹಿಡಿಯುತ್ತದಾ? ಹುಡುಗನಿಗೆ ಸಿಟ್ಟು ಬಂತು. ಒಳ್ಳೆಯದೇ ಆಯಿತು ಬಿಡಿ.

ಮರುದಿನ ಬೆಳಿಗ್ಗೆ ಐದು ಜನ ಗೆಳೆಯರನ್ನು ಮುಗಿತಾಯದ ಗೆರೆ ಹತ್ತಿರ ನಿಲ್ಲಿಸಿ, ಒಬ್ಬ ಹುಡುಗಿಯನ್ನು 100 ಮೀಟರ್ ಓಡಿಸಿದ. ಓಟ ಒಂದು, ಟೈಮ್ ಐದು! ಒಂದಕ್ಕೂ ಇನ್ನೊಂದಕ್ಕೂ ಕಾಲು ಸೆಕೆಂಡಿನ ತನಕ ಅಂತರ. ಯಾಕೆ ಹೀಗೆ ಅಂತ ಒಂದು ವಾರ ಒದ್ದಾಡಿದ, ಅದೇ ಹುಡುಗಿಯನ್ನು ಮತ್ತೆ ಮತ್ತೆ ಓಡಿಸಿ ಬೈಸಿಕೊಂಡ, ಕೊನೆಗೆ ಓಡುವವರನ್ನು ಬಿಟ್ಟು ವಾಚ್ ಹಿಡಿದವರನ್ನು ನೋಡತೊಡಗಿದ. ಇಬ್ಬರು ಸೀಟಿ ಕೇಳಿ ಬಟನ್ ಒತ್ತುತ್ತಿದ್ದರು, ಮೂವರು ಬಾವುಟ ನೋಡಿ ಒತ್ತುತ್ತಿದ್ದರು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 100 ಮೀಟರ್ ಆಚೆ ನಿಂತವರ ಕಿವಿ ಮುಟ್ಟಲು ಸುಮಾರು 0.29 ಸೆಕೆಂಡು ಬೇಕು. ಅಲ್ಲಿ ಓಟ ಶುರುವಾಗಿದೆ, ಇಲ್ಲಿ ವಾಚ್ ಶುರುವಾಗಿಲ್ಲ. ಸೀಟಿ ಕೇಳಿದವರ ಲೆಕ್ಕದಲ್ಲಿ ಹುಡುಗಿ ಸುಮ್ನೆ ಚಾಂಪಿಯನ್!

ಟೈಮ್‌ಕೀಪರ್ ಪಿಸ್ತೂಲಿನ ಹೊಗೆ ನೋಡಿ ಒತ್ತಬೇಕು, ಸದ್ದು ಕೇಳಿ ಅಲ್ಲ ಅನ್ನುವುದನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೇವೆ, ಅಲ್ವಾ? ಅವನು ಅಳೆದು ನೋಡಿದ. ಮೂರು ವಾಚುಗಳು ಮೂರು ಟೈಮ್ ತೋರಿಸಿದರೆ ನಡುವಿನದನ್ನೇ ಯಾಕೆ ಹಿಡಿಯುತ್ತಾರೆ ಅನ್ನುವುದೂ ತಾನಾಗಿಯೇ ತಿಳಿಯಿತು. ಕಂಬಳ ಪ್ರಾಜೆಕ್ಟ್ ಅಲ್ಲಿಗೇ ನಿಂತಿತು. ಕೈಯಿಂದ ಒತ್ತುವ ಸ್ಟಾಪ್‌ವಾಚ್ ಎಷ್ಟು ತಪ್ಪುತ್ತದೆ ಅನ್ನುವುದೇ ಪ್ರಾಜೆಕ್ಟ್ ಆಯಿತು. ಇಪ್ಪತ್ತೇ ಪುಟ. ನಾನು ಒಂದೇ ಸಲಕ್ಕೆ ಕೂತು ಓದಿ ಮುಗಿಸಿದ ಪ್ರಾಜೆಕ್ಟ್‌ಗಳು ಬಹಳ ಇಲ್ಲ, ಇದೊಂದು.

ಅಯ್ಯೋ, ಗಾಜಿನ ಆಚೆಯಿಂದ ಆಗಲೇ ಕೈ ತೋರಿಸುತ್ತಿದ್ದಾರೆ. ಉಳಿದದ್ದನ್ನು ಬೇಗ ಹೇಳುತ್ತೇನೆ. ಯಾರನ್ನು ಅಳೆಯುತ್ತೀರೋ ಅವರ ಒಪ್ಪಿಗೆ ಬರಹದಲ್ಲಿ ಇರಲಿ, ಶಾಲೆ ಮಕ್ಕಳಾದರೆ ಅಪ್ಪ ಅಮ್ಮನ ಸಹಿ ಬೇಕೇ ಬೇಕು. ತಪ್ಪಿದ ಅಳತೆಯನ್ನು ಹರಿದು ಎಸೆಯಬೇಡಿ, ಬರೆದಿಡಿ.

ದುಡ್ಡಿಲ್ಲ, ಉಪಕರಣ ಇಲ್ಲ ಅನ್ನಬೇಡಿ. 30 ಸೆಂಟಿಮೀಟರ್ ಸ್ಕೇಲ್ ಇದೆಯಲ್ಲ? ಗೆಳೆಯ ಹೇಳದೆ ಕೇಳದೆ ಮೇಲಿಂದ ಬಿಡಲಿ, ನೀವು ಎರಡು ಬೆರಳಲ್ಲಿ ಹಿಡಿಯಿರಿ. 20 ಸೆಂಟಿಮೀಟರ್ ಜಾರಿ ಸಿಕ್ಕಿದರೆ ನಿಮ್ಮ ಕೈ ಸುಮಾರು 0.2 ಸೆಕೆಂಡು ತೆಗೆದುಕೊಂಡಿತು ಅಂತ ಲೆಕ್ಕ. ರಾತ್ರಿ ನಿದ್ದೆಗೆಟ್ಟ ಗೋಲ್‌ಕೀಪರ್ ಕೈಗೆ ಅದೇ ಸ್ಕೇಲ್ ಎಲ್ಲಿ ಸಿಗುತ್ತದೆ? ನೋಡಿ, ಒಂದು ಪ್ರಾಜೆಕ್ಟ್ ಆಯಿತು. ಆದರೆ ಮೊದಲ ನಾಲ್ಕೈದು ಸಲದ ಅಳತೆಯನ್ನು ಬೇರೆ ಇಡಿ, ಕೈ ಇನ್ನೂ ಆಟ ಕಲಿಯುತ್ತಿರುತ್ತದೆ. ನಮಸ್ಕಾರ.