ಪಹಣಿಯಲ್ಲಿಲ್ಲದ ಹೂವು

ಕೇಳುಗರಿಗೆ ನಮಸ್ಕಾರ.

2020ರ ಯುಗಾದಿ ಮಾರ್ಚ್ 25ರಂದು ಬಂತು. ಕೊರೊನಾದಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡ ಮೊದಲ ದಿನವೂ ಅದೇ. ಹೂ ಬೆಳೆಯುವವರ ಮನೆಯಲ್ಲಿ ಅಂಗಡಿ ಸಾಲ ತೀರುವುದು ಯುಗಾದಿಯ ಹೂವಿನಿಂದ. ಅದರ ಬೆನ್ನಿಗೆ ರಾಮನವಮಿ, ಜಾತ್ರೆ, ಮದುವೆ. ಆ ವರ್ಷ ಗುಡಿ ಮುಚ್ಚಿತು, ಛತ್ರ ಮುಚ್ಚಿತು, ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯೂ ಮುಚ್ಚಿತು. ರಾಗಿಯಾದರೆ ಮೂಟೆ ಕಟ್ಟಿಡಬಹುದು. ಬೆಳಿಗ್ಗೆ ಬಿಡಿಸಿದ ಹೂವನ್ನು ಸಂಜೆಗೆ ಯಾರು ಕೇಳುತ್ತಾರೆ?

ನಮ್ಮ ಚಿಕ್ಕಮ್ಮ 20 ಗುಂಟೆಯಲ್ಲಿ, ಅಂದರೆ ಅರ್ಧ ಎಕರೆಯಲ್ಲಿ ಕನಕಾಂಬರ, ಚೆಂಡುಹೂವು ಬೆಳೆಯುತ್ತಾರೆ. ಕೊಳ್ಳುವವರಿಲ್ಲದ ಆ ದಿನಗಳಲ್ಲೂ ನಸುಕಿಗೆ ಎದ್ದು ಬಿಡಿಸುತ್ತಿದ್ದರು. ಅರಳಿದ್ದನ್ನು ಗಿಡದಲ್ಲೇ ಬಿಟ್ಟರೆ ಮುಂದಿನ ಮೊಗ್ಗು ಸೊರಗುತ್ತದೆ ಎಂದು. ಬಿಡಿಸಿದ್ದೆಲ್ಲ ತಿಪ್ಪೆಗೆ ಹೋಯಿತು. ತಿಪ್ಪೆ ಹಳದಿಯಾಗಿದ್ದನ್ನು ನಾನು ಕಣ್ಣಾರೆ ಕಂಡೆ.

ಮೇ 6ರಂದು ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು 1,610 ಕೋಟಿ ರೂಪಾಯಿಯ ಪರಿಹಾರ ಪ್ರಕಟಿಸಿದರು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಒಬ್ಬರಿಗೆ ಹೆಚ್ಚೆಂದರೆ ಒಂದು ಹೆಕ್ಟೇರಿಗೆ. ಆಮೇಲೆ ಹಣ್ಣು, ತರಕಾರಿ, ಮೆಕ್ಕೆಜೋಳ ಬೆಳೆದವರಿಗೂ ನೆರವು ಬಂತು. ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ನಮ್ಮ ಕಡೆಯ ಲೆಕ್ಕದಲ್ಲಿ ಹೇಳುವುದಾದರೆ ಗುಂಟೆಗೆ 250 ರೂಪಾಯಿ. 2021ರ ಎರಡನೇ ಅಲೆಯಲ್ಲಿ ಹೆಕ್ಟೇರಿಗೆ 10,000 ಎಂದರು, ಅಂದರೆ ಗುಂಟೆಗೆ 100. ಕಡಿಮೆಯೆಂದೇ ನನ್ನ ಅಭಿಪ್ರಾಯ. ಹಾಗೆಂದು ಬೇಡವೆನ್ನುವಷ್ಟಲ್ಲ, ಸಂತೆಯೇ ನಿಂತುಹೋದ ತಿಂಗಳಲ್ಲಿ 20 ಗುಂಟೆಗೆ ಸಿಗುವ 5,000 ರೂಪಾಯಿಯೆಂದರೆ ಗೊಬ್ಬರದ ಸಾಲಕ್ಕೂ ಆಯಿತು, ಮನೆಯ ದಿನಸಿಗೂ ಆಯಿತು.

ಚಿಕ್ಕಮ್ಮನಿಗೆ ಆ 5,000 ಬರಲಿಲ್ಲ.

ಜಮೀನಿನ ದಾಖಲೆಯಾದ ಪಹಣಿಯಲ್ಲಿ, ಒಡೆಯರ ಹೆಸರು ಬರೆಯುವ 9ನೇ ಕಾಲಂನಲ್ಲಿ ಇನ್ನೂ ಅವರ ಮಾವನ ಹೆಸರಿತ್ತು. ಮಾವ ತೀರಿಹೋಗಿ ಎಷ್ಟೋ ವರ್ಷವಾಗಿತ್ತು. ಹಣ ಹೋಗುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ತೀರಿಹೋದವರಿಗೆ ಖಾತೆ ಎಲ್ಲಿಂದ ಬರಬೇಕು? ನೇರವಾಗಿ ಖಾತೆಗೆ ಹಾಕುವುದು ಒಳ್ಳೆಯ ಏರ್ಪಾಡು, ನಡುವೆ ಕೈಚಾಚುವವರಿಲ್ಲ. ಆದರೆ ಅದು ಕಾಗದ ತೋರಿಸಿದ ಕಡೆಗೆ ಹೋಗುತ್ತದೆಯೇ ಹೊರತು ಹೂ ಬಿಡಿಸಿದ ಕೈಯನ್ನು ಹುಡುಕಿಕೊಂಡು ಬರುವುದಿಲ್ಲ.

ಗುತ್ತಿಗೆಗೆ ಮಾಡುವವರ ಪಾಡು ಇನ್ನೂ ಕಷ್ಟ. ನಮ್ಮ ರಾಜ್ಯದ ಭೂಸುಧಾರಣಾ ಕಾಯ್ದೆ 1974ರಿಂದ ಗೇಣಿ ಪದ್ಧತಿಯನ್ನೇ ತೆಗೆದುಹಾಕಿದೆ. ಉಳುವವನೇ ಹೊಲದೊಡೆಯನಾಗಲಿ ಎಂಬ ದೊಡ್ಡ ಉದ್ದೇಶ ಅದರದು, ಅದರಿಂದ ಬದುಕಿಕೊಂಡ ಮನೆಗಳೂ ಬಹಳ. ಆದರೆ ಹಳ್ಳಿಗಳಲ್ಲಿ ಗುತ್ತಿಗೆ ನಿಂತಿಲ್ಲ, ಬಾಯಿಮಾತಿನಲ್ಲಿ ನಡೆಯುತ್ತಿದೆ. ಬರೆದುಕೊಟ್ಟರೆ ಜಮೀನು ಕೈತಪ್ಪೀತೆಂದು ಒಡೆಯರಿಗೆ ಭಯ. ಹೀಗಾಗಿ ಸಸಿ ನೆಟ್ಟವರು, ನೀರು ಕಟ್ಟಿದವರು, ನಷ್ಟ ಹೊತ್ತವರು ಒಬ್ಬರು. ಪರಿಹಾರ ಜಮೆಯಾದದ್ದು ಇನ್ನೊಬ್ಬರಿಗೆ. ಬಂದ ಹಣವನ್ನು ಗುತ್ತಿಗೆಯವರ ಕೈಗೇ ಕೊಟ್ಟ ಒಡೆಯರೂ ಇದ್ದಾರೆ, ಅವರನ್ನು ನೆನೆಯಲೇಬೇಕು. ಆದರೆ ಸರ್ಕಾರದ ನೆರವು ಇನ್ನೊಬ್ಬರ ಒಳ್ಳೆಯತನವನ್ನು ಕಾಯಬೇಕೇ?

ನನ್ನ ಕೇಳಿಕೆ ಇಷ್ಟೇ. ಜಮೀನಿನ ಹಕ್ಕಿಗೆ ಧಕ್ಕೆ ತಾರದೆ, ಆ ಹಂಗಾಮಿನ ಬೆಳೆ ಯಾರದೆಂದು ಮಾತ್ರ ಬರೆದುಕೊಳ್ಳುವ ಒಂದು ದಾಖಲೆ ಬೇಕು. ಊರಿನಲ್ಲಿ ಯಾರ ಹೊಲವನ್ನು ಯಾರು ಮಾಡುತ್ತಾರೆಂಬುದು ಎಲ್ಲರಿಗೂ ಗೊತ್ತಿರುವ ವಿಷಯ.

ಕೇಳುತ್ತಿರುವ ತಾಯಂದಿರೇ, ಅಣ್ಣತಮ್ಮಂದಿರೇ, ಮನೆಯ ಪಹಣಿಯನ್ನು ಇಂದೇ ತೆಗೆದು ನೋಡಿ. ತೀರಿಹೋದವರ ಹೆಸರಿದ್ದರೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ, ಅಂದರೆ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ಅರ್ಜಿ ಕೊಡಿ. ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಬೆಳೆ ಸರಿಯಾಗಿ ದಾಖಲಾಗಿದೆಯೇ ನೋಡಿ. ಮಾವಿನ ಸಾಲುಗಳ ನಡುವೆ ಕನಕಾಂಬರ ಹಾಕಿರುತ್ತೀರಿ, ಬರೆದುಕೊಂಡವರು ಬರೀ ಮಾವೆಂದು ಬರೆದಿರುತ್ತಾರೆ. ಆ ಹೂವನ್ನೂ ಬರೆಸಿ.

ಚಿಕ್ಕಮ್ಮನ ಹೆಸರು ಈಗ ಪಹಣಿಗೆ ಬಂದಿದೆ. ಅದಕ್ಕಾಗಿ ಅವರು ಒಂದೂವರೆ ವರ್ಷ ಓಡಾಡಿದರು, ಪ್ರತಿಸಲವೂ ಬೆಳಗಿನ ಹೂವು ಬಿಡಿಸಿದ ಮೇಲೆ.

ನಮಸ್ಕಾರ.